ಕಣದ ರಾಶಿಯಲ್ಲಿ ನೀರಗಂಟಿಯ ಪಾಲು: ಬುಕಾನನ್ ದಾಖಲೆಯ ಮರುಪರಿಶೀಲನೆ

ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ. ಅವನ ಬರಹ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದರಿಂದ ಅಂದಿನ ನಾಡಿನ ಸಂಪತ್ತನ್ನು ಲೆಕ್ಕ ಹಾಕುವವರು ಒಂದೇ ಕಡೆ ಮತ್ತೆ ಮತ್ತೆ ಎಡವಿದ್ದಾರೆ. ಭತ್ತದ ರಾಶಿ ಸರ್ಕಾರಕ್ಕೂ ರೈತನಿಗೂ ಪಾಲಾಗುವ ಮೊದಲು ಕಣದಲ್ಲೇ ದೇವರು, ಶಾನುಭೋಗ, ತಳವಾರ, ನೀರಗಂಟಿ ಮೊದಲಾದವರಿಗೆ ಕಾಳು ಸಲ್ಲುತ್ತಿದ್ದುದನ್ನು ಬುಕಾನನ್ ವಿವರವಾಗಿ ಬರೆದಿದ್ದಾನೆ. ಲೆಕ್ಕ ಹಾಕುವವರೋ ಅದನ್ನೆಲ್ಲ ಮಾಮೂಲು ಎಂದು ಒಂದೇ ಬಾಬಿಗೆ ಸೇರಿಸಿ, ಉಳಿದದ್ದನ್ನಷ್ಟೇ ಎಣಿಸುತ್ತಾರೆ.

ದೇವರ ಪಾಲೂ ನೀರಗಂಟಿಯ ಪಾಲೂ ಒಂದೇ ಬಾಬಿನವಲ್ಲ. ತಲಕಾಡಿನ ಬಳಿ ಕಾವೇರಿಗೆ ಕಟ್ಟಿದ ಮಾಧವಮಂತ್ರಿ ಕಟ್ಟೆಯಾಗಲಿ, ನಂಜನಗೂಡು ತಾಲ್ಲೂಕಿನಲ್ಲಿ ಕಪಿಲೆಗೆ ಕಟ್ಟಿದ ಹುಲ್ಲಹಳ್ಳಿ ಅಣೆಯಾಗಲಿ, ನಾಲೆಯಲ್ಲಿ ಹೂಳು ತುಂಬಿದರೆ ಬಯಲಿಗೆ ನೀರಿಲ್ಲ. ತೂಬು ತೆಗೆದು ಮುಚ್ಚಿ, ಸರದಿಯಂತೆ ಗದ್ದೆಗೆ ನೀರು ತಿರುಗಿಸಿ, ಒಡೆದ ಬದುವನ್ನು ಕಾಣುವವನು ನೀರಗಂಟಿ. ರಾಶಿಯೇ ಏಳದಿದ್ದರೆ ಅವನಿಗೆ ಕಣದ ಪಾಲಿಲ್ಲ. ಆದ್ದರಿಂದ ಆ ಕಾಳು ನೆಲ-ನೀರೆಂಬ ಆಸ್ತಿ ಸವೆಯದಂತೆ ವರ್ಷವರ್ಷ ತೆತ್ತ ವೆಚ್ಚ. ಅದು ಬರಿಯ ಕೂಲಿ ಎಂಬ ವಾದವನ್ನು ನಾನು ಒಪ್ಪಲಾರೆ: ಕೂಲಿ ದುಡಿದ ದಿನಕ್ಕೆ ಸಿಗುವಂಥದ್ದು, ಇದು ಬೆಳೆದ ಬೆಳೆಗೆ ಅಂಟಿದ್ದು.

ಈ ಬಗೆಯ ಏರ್ಪಾಡು ಹೊಸತೂ ಅಲ್ಲ. ಗಂಗರ ಕಾಲದ ಶಾಸನಗಳಲ್ಲಿ ಕೆರೆಯ ಪೋಷಣೆಗೆ ಬಿಟ್ಟ ಬಿತ್ತುವಟ್ಟವೆಂಬ ದತ್ತಿ ಮತ್ತೆ ಮತ್ತೆ ಬರುತ್ತದೆ. ತಲಕಾಡು, ನಂಜನಗೂಡು ಸೀಮೆಗಳ ಶಾಸನಗಳನ್ನು ಬಿ. ಎಲ್. ರೈಸ್ 1894ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ 3ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿಕೊಟ್ಟ. ಆ ಮಹಾಶ್ರಮದ ಸಂಪುಟವನ್ನು ರಾಜರ ವಂಶಾವಳಿಗಾಗಿ ಮಾತ್ರ ತಿರುವಿಹಾಕುವುದು ಅನ್ಯಾಯ.

ಕಂಡುಗವನ್ನು ಒಂದೇ ಗುಣಕದಿಂದ ಎಕರೆಗೆ ತಿರುಗಿಸುವುದೂ ಇಂಥದೇ ದುಡುಕು. ಇಪ್ಪತ್ತು ಕೊಳಗ ಬಿತ್ತನೆ ಹಿಡಿಯುವ ನೆಲ ಒಂದು ಕಂಡುಗ. ತೆಳುವಾಗಿ ಬಿತ್ತುವ ಹೊಲದ ಕಂಡುಗ ಗದ್ದೆಯ ಕಂಡುಗಕ್ಕಿಂತ ಎಷ್ಟೋ ಪಟ್ಟು ವಿಶಾಲ. ವಿಸ್ತೀರ್ಣದ ಜೊತೆಗೆ ಮಣ್ಣು-ನೀರಿನ ಗುಣವೂ ಅಳತೆಯಲ್ಲೇ ಅಡಗಿದೆ. ಎಕರೆ ಮಾಡಿದೊಡನೆ ಆ ಗುಣ ಲೆಕ್ಕದಿಂದ ಬಿದ್ದುಹೋಗುತ್ತದೆ.

ನೆಲ-ನೀರನ್ನು ಆಸ್ತಿಯೆಂದು ಎಣಿಸುವ ಮಾತು ಇಂದಿನ ಅರ್ಥಶಾಸ್ತ್ರದಲ್ಲೂ ಇದೆ. ವಿಶ್ವಸಂಸ್ಥೆಯ ಕಡೆಯಿಂದ 2012ರಲ್ಲಿ ಬಂದ ಸಮಗ್ರ ಸಂಪತ್ತಿನ ವರದಿ, ಅರ್ಥಶಾಸ್ತ್ರಜ್ಞ ಪಾರ್ಥ ದಾಸ್‌ಗುಪ್ತರ ನೇತೃತ್ವದ ತಜ್ಞರ ತಂಡ 2013ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿ, ಎರಡೂ ವರ್ಷದ ಆದಾಯದಾಚೆಗೆ ನೋಡಿ, ಪ್ರಕೃತಿ ಮತ್ತು ಮನುಷ್ಯ ಸಾಮರ್ಥ್ಯವನ್ನು ಆಸ್ತಿಯೆಂದೇ ಅಳೆಯಬೇಕೆನ್ನುತ್ತವೆ. ದಾಸ್‌ಗುಪ್ತರ ಈ ನಿಲುವು ನನ್ನದೂ ಹೌದು. ಆದರೆ ಇದೆಲ್ಲ ನಮ್ಮ ಹಳ್ಳಿಯ ಕಣದಲ್ಲೇ ಇತ್ತೆಂದು ಬೀಗುವವರ ಜೊತೆ ನಾನಿಲ್ಲ. ನೀರಗಂಟಿಗಳು ಬಹುಪಾಲು ಇಂದು ನಾವು ದಲಿತರೆನ್ನುವ ಕುಲಗಳವರು. ಅವರ ಪಾಲನ್ನು ಗೊತ್ತುಮಾಡಿದ್ದರಲ್ಲಿ ಕಸುಬಿನ ಅರಿವಿನಷ್ಟೇ ಹುಟ್ಟಿನ ಕೈವಾಡವೂ ಇತ್ತು. ಯಾವ ಮಟ್ಟಕ್ಕೆ ಎಷ್ಟು ನೀರು ಏರುತ್ತದೆಂಬ ಅವರ ತಿಳಿವಳಿಕೆಗೆ ಆ ಕೊಳಗಗಳು ಬೆಲೆ ಕಟ್ಟಿರಲಿಲ್ಲ. ಹಾಗಾಗಿ 1800ರ ಲೆಕ್ಕ ಬರೆಯುವವರು ನೀರಗಂಟಿಯ ಕಾಳನ್ನು ನಾಲೆಯ ಪೋಷಣೆಯ ಕಲಮಿನಲ್ಲಿ ಬರೆಯಬೇಕು. ಮನುಷ್ಯ ಸಾಮರ್ಥ್ಯದ ಕಲಮನ್ನು ಅದೇ ಅಂಕಿಯಿಂದ ತುಂಬಿಸಬಾರದು.