ಬಂದಿಶ್ ಪಾಠ (ಗದಗ ಸೀಮೆ)

ರಾಗ, ತಾಳ, ಸಾಹಿತ್ಯ ಮೂರೂ ಸೇರಿದ ಹಿಂದುಸ್ತಾನಿ ರಚನೆಯೇ ಬಂದಿಶ್. ಗಾಯಕರ ಮಾತಿನಲ್ಲಿ ಚೀಜು. ಸ್ಥಾಯಿ, ಅಂತರಾ ಎಂಬ ಎರಡು ಭಾಗಗಳ ಕೆಲವೇ ಸಾಲುಗಳಲ್ಲಿ ರಾಗದ ನಡೆಯೆಲ್ಲ ಅಡಗಿರುತ್ತದೆ. ಕಲಿಸುವುದು ಬಾಯಿಪಾಠದಿಂದ: ತಂಬೂರಿಯ ಶ್ರುತಿಗೆ ಗುರು ಹಾಡಿದ ಸಾಲನ್ನು ಶಿಷ್ಯ ಹಾಗೆಯೇ ತಿರುಗಿ ಹಾಡಬೇಕು. ಹನ್ನೆರಡು ಮಾತ್ರೆಗಳ ವಿಲಂಬಿತ ಏಕತಾಳದಲ್ಲಿ ಆಲಾಪ ಎಷ್ಟೇ ದೂರ ಹೋದರೂ ಮುಖಡಾ (ಬಂದಿಶ್‌ನ ಆರಂಭದ ತುಣುಕು) ಹಿಡಿದು ಸರಿಯಾಗಿ ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಬಂದಿಳಿಯಬೇಕು. ಪಾಠದ ಕಠಿಣ ಭಾಗ ಇದೇ. ಪಾಶ್ಚಾತ್ಯ ಸಂಗೀತದ ಕಲಿಕೆ ಬೇರೆ ಬಗೆಯದು: ಅಮೆರಿಕದ ಟ್ಯಾಂಗಲ್‌ವುಡ್ (1940ರಲ್ಲಿ ಆರಂಭ), ಜರ್ಮನಿಯ ಡಾರ್ಮ್‌ಸ್ಟಾಟ್ (1946ರಲ್ಲಿ ಆರಂಭ) ಬೇಸಿಗೆ ಶಿಬಿರಗಳಲ್ಲಿ ಸಂಯೋಜನೆಯ ವಿದ್ಯಾರ್ಥಿ ಹೊಸ ಕೃತಿ ಬರೆದು ತಂದು ತಿದ್ದಿಸಿಕೊಳ್ಳುತ್ತಾನೆ. ಬಂದಿಶ್ ಪಾಠದಲ್ಲಿ ಹಳೆಯದು ಮೈಗೂಡಿದ ಮೇಲೆಯೇ ಹೊಸದು.

ಇದಕ್ಕೆ ಉತ್ತಮ ಉದಾಹರಣೆ ರೋಣದಲ್ಲಿ 1922ರಲ್ಲಿ ಹುಟ್ಟಿದ ಗಾಯಕ ಭೀಮಸೇನ ಜೋಶಿ. ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಅರಸಿ ಮನೆ ಬಿಟ್ಟ ಅವರು ಉತ್ತರ ಭಾರತ ಸುತ್ತಿ ಬಂದು, ಕುಂದಗೋಳದಲ್ಲಿ ಗಾಯಕ ಸವಾಯಿ ಗಂಧರ್ವರ ಬಳಿ ಗುರುಕುಲವಾಸ ಮಾಡಿದರು. ತೋಡಿ, ಮುಲ್ತಾನಿ, ಪೂರಿಯಾಗಳಂಥ ಕೆಲವೇ ರಾಗಗಳನ್ನು ಅಲ್ಲಿ ವರ್ಷಗಟ್ಟಲೆ ತಿದ್ದಿಕೊಂಡರು. ಕಲಾವತಿ, ರಾಗೇಶ್ರೀ ಬೆರೆಸಿ ಕಲಾಶ್ರೀ ರಾಗ ಕಟ್ಟಿದ್ದು ಬಹಳ ಮುಂದೆ.

ಜೋಶಿಯವರ ಹುಟ್ಟೂರು ರೋಣ ಹಾಗೂ ನರಗುಂದ, ಗಜೇಂದ್ರಗಡಗಳ ಸೀಮೆಗೆ ಹತ್ತಿರದ ಹೆಸರಾಂತ ಸಂಗೀತ ಕೇಂದ್ರ ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿ ಕಟ್ಟಿದ, ಪುಟ್ಟರಾಜ ಗವಾಯಿ (1914–2010) ಬೆಳೆಸಿದ ಈ ಆಶ್ರಮದ ಈ ಗುರುಗಳಿಬ್ಬರೂ ಅಂಧರಾಗಿದ್ದರು. ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನ, ಆಶ್ರಯದೊಂದಿಗೆ ಸಂಗೀತ ಕಲಿಸಿದ ಈ ಕೆಲಸಕ್ಕೆ ನಾಡಿನಲ್ಲಿ ಸಾಟಿ ವಿರಳ. ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರು ಹಿಂದುಸ್ತಾನಿ ಖಯಾಲ್ ಗಾಯನದ ಜೊತೆಗೆ ಕನ್ನಡ ವಚನಗಳನ್ನೂ ಕಛೇರಿಗಳಲ್ಲಿ ಹಾಡಿದರು.