ಕೊಡಗೂಸು: ಕಾವ್ಯದಲ್ಲಿ ಮರೆಯಾಗಿ ಘಟ್ಟದ ಮೇಲೆ ಉಳಿದ ಪದ

ಕನ್ನಡ ಕಾವ್ಯಗಳಲ್ಲಿ ಹೆಣ್ಣನ್ನು ಸೂಚಿಸುವ ಪದಗಳಿಗೆ ಕೊರತೆಯಿಲ್ಲ. ವನಿತೆ, ಲಲನೆ, ಅಂಗನೆ ಮುಂತಾದವು ಸಂಸ್ಕೃತದಿಂದ ಬಂದವು. ಪೆಣ್, ನೀರೆ ಮೊದಲಾದವು ದೇಶೀಯವಾದವು. ಈ ಎರಡನೆಯ ಗುಂಪಿಗೆ ಸೇರಿದ, ಇಂದು ನಿಘಂಟಿನ ಹೊರಗೆ ಬಹಳ ಅಪರೂಪವಾಗಿರುವ ಪದವೆಂದರೆ 'ಕೊಡಗೂಸು'. ಮದುವೆಯಾಗದ ಎಳೆಯ ಹುಡುಗಿ, ಬಾಲೆ, ಕನ್ಯೆ ಎಂಬುದು ಇದರ ಅರ್ಥ.

ಪದದ ರಚನೆ

'ಕೊಡ' ಮತ್ತು 'ಕೂಸು' ಸೇರಿ 'ಕೊಡಗೂಸು' ಆಗಿದೆ. ಉತ್ತರಪದದ ಮೊದಲಲ್ಲಿರುವ ಕಕಾರಕ್ಕೆ ಗಕಾರ ಬಂದಿರುವುದು ಆದೇಶ ಸಂಧಿ. 'ಹಸುಗೂಸು', 'ಕನ್ನೆಗೂಸು', 'ಹೆಣ್ಣುಗೂಸು' ಎಂಬ ಪದಗಳೂ ಹೀಗೆಯೇ ಆದವು. ಇಲ್ಲಿನ 'ಕೊಡ' ನೀರು ತರುವ ಬಿಂದಿಗೆಯಲ್ಲ. 'ಕೊಡು' ಎಂಬ ಕ್ರಿಯಾಪದವೂ ಅಲ್ಲ. ಎಳೆಯ, ಕೋಮಲ ಎಂಬ ಅರ್ಥದ ಹಳೆಯ ದ್ರಾವಿಡ ಪದವದು. ಇದು ಬಳಕೆಯಿಂದ ಬಿದ್ದುಹೋದುದರಿಂದ, ಕೊಡಗೂಸು ಎಂದರೆ ಮದುವೆ ಮಾಡಿ 'ಕೊಡಬೇಕಾದ ಕೂಸು' ಎಂದು ಊಹಿಸಲು ಅವಕಾಶವಾಗಿದೆ. ಕೇಳಲು ಸಹಜವೆನಿಸಿದರೂ ಆ ಊಹೆ ಸರಿಯಲ್ಲ. ಹೆಣ್ಣನ್ನು ಕೊಟ್ಟು ತರುವ ವಸ್ತುವಿನಂತೆ ಕಾಣುವ ಅರ್ಥ ಮೂಲ ಪದದಲ್ಲಿಲ್ಲ. ಅಲ್ಲಿರುವುದು ಎಳೆತನ ಮಾತ್ರ.

ಹರಿಹರನ ರಗಳೆ

ಈ ಪದಕ್ಕೆ ಕನ್ನಡ ಸಾಹಿತ್ಯದಲ್ಲಿ ಶಾಶ್ವತ ಸ್ಥಾನ ದೊರಕಿಸಿದವನು 12-13ನೇ ಶತಮಾನದ ಹಂಪೆಯ ಕವಿ ಹರಿಹರ. ಶಿವಶರಣರ ಚರಿತೆಗಳನ್ನು ರಗಳೆಯಲ್ಲಿ ಹಾಡಿದ ಆತ ಕೋಳೂರಿನ ಕೊಡಗೂಸಿನ ಕಥೆಯನ್ನೂ ಹೇಳಿದ್ದಾನೆ. ಶಿವನಿಗೆ ನಿತ್ಯ ಹಾಲನ್ನರ್ಪಿಸುತ್ತಿದ್ದ ತಂದೆ ಪರಸ್ಥಳಕ್ಕೆ ಹೋಗುವಾಗ ಆ ಕೆಲಸವನ್ನು ಮಗಳಿಗೆ ವಹಿಸುತ್ತಾನೆ. ದೇವರು ನಿಜವಾಗಿಯೂ ಹಾಲು ಕುಡಿಯುತ್ತಾನೆಂದು ನಂಬಿದ ಹುಡುಗಿ ಅದನ್ನು ಶಿವನ ಮುಂದಿಟ್ಟು ಕಾಯುತ್ತಾಳೆ, ಬೇಡುತ್ತಾಳೆ, ಕೊನೆಗೆ ಪ್ರಾಣ ಬಿಡಲೂ ಸಿದ್ಧಳಾಗುತ್ತಾಳೆ. ಶಿವ ಬಂದು ಕುಡಿಯುತ್ತಾನೆ. ಮರಳಿ ಬಂದ ತಂದೆ ಮಗಳ ಮಾತನ್ನು ನಂಬುವುದಿಲ್ಲ. ಆತನ ಕೋಪದಿಂದ ಪಾರಾಗಲು ಧಾವಿಸಿದ ಹುಡುಗಿ ಶಿವಲಿಂಗದಲ್ಲಿ ಐಕ್ಯಳಾಗುತ್ತಾಳೆ.

ಕಥೆಯಲ್ಲಿ ಆಕೆ ಪ್ರಸಿದ್ಧಳಾಗಿರುವುದು ಕೊಡಗೂಸು ಎಂದೇ. ಇಂದಿನ ಓದುಗನಿಗೆ ಕೂಸು ಎಂದರೆ ತೊಟ್ಟಿಲ ಮಗು. 2023ರಲ್ಲಿ ಕರ್ನಾಟಕ ಸರ್ಕಾರ ಗ್ರಾಮೀಣ ಶಿಶುಪಾಲನಾ ಕೇಂದ್ರಗಳಿಗೆ 'ಕೂಸಿನ ಮನೆ' ಎಂದು ಹೆಸರಿಟ್ಟಿದ್ದು ಈ ಅರ್ಥದಲ್ಲಿಯೇ. ಇದೇ ಅರ್ಥವನ್ನಿಟ್ಟುಕೊಂಡು ಓದಿದರೆ ಕಥೆ ಕುಂದುತ್ತದೆ. ಹಾಲನ್ನು ಗುಡಿಗೆ ಒಯ್ಯುವ, ದೇವರೊಡನೆ ವಾದಿಸುವ, ತಂದೆಗೆ ಉತ್ತರ ಹೇಳುವ ಆಕೆ ಹಸುಗೂಸಲ್ಲ. ತಿಳಿವಳಿಕೆ ಮೂಡಿರುವ, ಮುಗ್ಧತೆ ಅಳಿಯದ ಬಾಲೆ.

ಮತ್ತಿಘಟ್ಟದ ಕೂಸು

ಈ ಅರ್ಥವನ್ನು ತಿಳಿಯಲು ಕಾವ್ಯವನ್ನೇ ಆಶ್ರಯಿಸಬೇಕಿಲ್ಲ. ಶಿರಸಿ ತಾಲೂಕಿನ ಮತ್ತಿಘಟ್ಟದಂಥ ಅಡಿಕೆ ತೋಟಗಳ ಊರುಗಳಲ್ಲಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹವ್ಯಕ ಮನೆಗಳಲ್ಲಿ 'ಕೂಸು' ಎಂದರೆ ಇಂದಿಗೂ ಹುಡುಗಿ. ಶಾಲೆಗೆ ಹೋಗುವವಳೂ ಕೂಸು, ಮದುವೆಗೆ ಬಂದವಳೂ ಕೂಸು. ವಧುವನ್ನು ನೋಡಲು ಹೋಗುವುದು 'ಕೂಸು ನೋಡುವುದು'. ಹುಡುಗನಿಗೆ 'ಮಾಣಿ' ಎಂಬ ಪದವಿದೆ. ನಗರದಲ್ಲಿ ಹೋಟೆಲ್ ಪರಿಚಾರಕನನ್ನಷ್ಟೇ ಸೂಚಿಸುವ ಈ ಮಾತು ಬಾಲಕನೆಂಬ ಅರ್ಥದ ಸಂಸ್ಕೃತದ 'ಮಾಣವ'ಕ್ಕೆ ಸಂಬಂಧಿಸಿದ್ದು.

ಈ ಆಡುನುಡಿಯ ಮತ್ತೊಂದು ವಿಶೇಷ ಹೊರಗಿನವರನ್ನು ಬೆರಗುಗೊಳಿಸುತ್ತದೆ. 'ಮಾಣಿ ಬಂದ' ಎನ್ನುವವರು 'ಕೂಸು ಬಂತು' ಎನ್ನುತ್ತಾರೆ. ತಾಯಿಯನ್ನು ಕುರಿತೂ 'ಆಯಿ ಬಂತು' ಎಂಬುದೇ ರೂಢಿ. ಇದರಲ್ಲಿ ಅಗೌರವ ಕಾಣುವವರಿದ್ದಾರೆ. ಆದರೆ ಇದು ವ್ಯಾಕರಣದ ಕ್ರಮವೇ ಹೊರತು ತಿರಸ್ಕಾರದ ಗುರುತಲ್ಲ. ತೆಲುಗಿನಲ್ಲಿಯೂ ಏಕವಚನದಲ್ಲಿ ಸ್ತ್ರೀಗೂ ವಸ್ತುವಿಗೂ ಒಂದೇ ಕ್ರಿಯಾರೂಪ ಸಲ್ಲುತ್ತದೆ. ಸ್ವತಃ ಹವ್ಯಕ ಭಾಷಿಕರಾದ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಈ ನುಡಿಯ ವ್ಯಾಕರಣವನ್ನು ಬರೆದಿದ್ದಾರೆ.

ಇತರ ಭಾಷೆಗಳಲ್ಲಿ

ಇಂಥ ಸಂಗತಿಗಳು ಕನ್ನಡಕ್ಕಷ್ಟೇ ಸೀಮಿತವಲ್ಲ. ಜರ್ಮನ್ ಭಾಷೆಯಲ್ಲಿ ಹುಡುಗಿ ಎಂಬರ್ಥದ 'ಮೇಡ್‌ಶೆನ್' ನಪುಂಸಕ ಲಿಂಗದ ಪದ. ಇಂಗ್ಲಿಷಿನ 'ವೈಫ್' ಪ್ರಾಚೀನ ರೂಪದಲ್ಲಿ ಸಾಮಾನ್ಯವಾಗಿ ಸ್ತ್ರೀ ಎಂಬ ಅರ್ಥವನ್ನು ಹೊಂದಿತ್ತು. ಅದೂ ನಪುಂಸಕ ಲಿಂಗದ್ದೇ. 'ಗರ್ಲ್' ಮಧ್ಯಕಾಲೀನ ಇಂಗ್ಲಿಷಿನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಗುವನ್ನು ಸೂಚಿಸುತ್ತಿದ್ದು, ಕ್ರಮೇಣ ಹುಡುಗಿಗೆ ಮೀಸಲಾಯಿತು. ನಮ್ಮ ಶಿಷ್ಟ ಕನ್ನಡದಲ್ಲಿ 'ಕೂಸು' ಹುಡುಗಿಯೆಂಬ ಅರ್ಥವನ್ನು ಕಳೆದುಕೊಂಡು ಶಿಶುವಿನಲ್ಲಿ ನಿಂತಿತು.

ಉಳಿವಿನ ಪ್ರಶ್ನೆ

1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು, ಎಂಟು ಸಂಪುಟಗಳ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಮುಂತಾದವು ಹಳೆಯ ಪದಗಳನ್ನು ಕಾಪಾಡಿವೆ. ಆದರೆ ನಿಘಂಟು ಅರ್ಥವನ್ನು ಕಾಯಬಲ್ಲದು, ಬಳಕೆಯನ್ನಲ್ಲ. ಓದು ಮತ್ತು ಉದ್ಯೋಗಕ್ಕಾಗಿ ಘಟ್ಟದ ಯುವಜನ ಬೆಂಗಳೂರು ಸೇರುತ್ತಿದ್ದಾರೆ. ತೋಟ ನೋಡಿಕೊಂಡು ಊರಲ್ಲೇ ಉಳಿದ ಮಾಣಿಗೆ ಕೂಸು ಸಿಗದೆಂಬ ಮಾತು ಈ ಸೀಮೆಯಲ್ಲಿ ಎರಡು ದಶಕಗಳಿಂದ ಕೇಳಿಬರುತ್ತಿದೆ. ನಗರದ ಮನೆಗಳಲ್ಲಿ ಬೆಳೆಯುವ ಮಕ್ಕಳ ಬಾಯಲ್ಲಿ ಕೂಸು 'ಹುಡುಗಿ'ಯಾಗುವುದು ಸಹಜವೇ. 'ಕೊಡ' ಎಂಬ ಮೊದಲರ್ಧ ಎಂದೋ ಅಳಿಯಿತು. ಹರಿಹರನ ಬಾಲೆಯನ್ನು ನಿಘಂಟಿನ ನೆರವಿಲ್ಲದೆ ಗುರುತಿಸಬಲ್ಲ ಉಳಿದರ್ಧ ಘಟ್ಟದ ಜಗಲಿಗಳಲ್ಲಿ ಇನ್ನೂ ಜೀವಂತವಾಗಿದೆ. ಆ ಮಾತು ಮನೆಯಲ್ಲಿ ನಿಂತ ದಿನ ಕಾವ್ಯಕ್ಕೂ ಒಬ್ಬ ಓದುಗ ಕಡಿಮೆಯಾಗುತ್ತಾನೆ.