ಮನೆ ಕೆಡವಿದ ಮೇಲೆ ಕಂಬಗಳು ಎಲ್ಲಿಗೆ ಹೋಗ್ತವೆ?

ಅಂಬಲಪಾಡಿಯಲ್ಲಿ ನಮ್ಮ ಅಜ್ಜಿಯ ಹಳೆ ಮನೆ ಕೆಡವಿದಾಗ ನಾನು ಏಳನೇ ಕ್ಲಾಸ್. ಮರದ ಕಂಬಗಳು ಲಾರಿ ಹತ್ತಿದವು. ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅದನ್ನು ಕೇಳಿದವರೊಬ್ಬರು ಇಲ್ಲೇ ಮಣಿಪಾಲದಲ್ಲಿದ್ದರು: ವಿಜಯನಾಥ ಶೆಣೈ. ಇತಿಹಾಸದ ಪ್ರೊಫೆಸರ್ ಅಲ್ಲ, ಆರ್ಕಿಟೆಕ್ಟ್ ಅಲ್ಲ, ಬ್ಯಾಂಕ್ ಉದ್ಯೋಗಿ.

1974ರಲ್ಲಿ ಭೂಸುಧಾರಣೆ ಜಾರಿಗೆ ಬಂತು. ಉಳುವವನು ಹೊಲದೊಡೆಯನಾದ. ಅದು ನ್ಯಾಯವೇ. ಆದರೆ ಗೇಣಿ ಅಕ್ಕಿಯ ಮೇಲೆ ನಿಂತಿದ್ದ ದೊಡ್ಡ ಮನೆಗಳಿಗೆ ಮಾಡಿನ ಹಂಚು ಬದಲಿಸುವುದೂ ಭಾರವಾಯ್ತು. ಕೂಡುಕುಟುಂಬಗಳು ಪಾಲಾದವು, ಮಕ್ಕಳು ಮುಂಬೈ ಸೇರಿದರು. ಮನೆ ಕೆಡವಿ, ಕೆತ್ತನೆಯ ಬಾಗಿಲನ್ನೂ ಮರದ ರೇಟಿಗೆ ಮಾರಿದರು.

ಶೆಣೈಯವರು ಮೊದಲು ಬಿಡಿ ವಸ್ತು ಉಳಿಸಿದರು, ಆಮೇಲೆ ಇಡೀ ಮನೆಗಳನ್ನೇ. ಬಿಚ್ಚುವಾಗ ತೊಲೆ, ಕಂಬಕ್ಕೆಲ್ಲ ಗುರುತು ಹಾಕಿ, ತಂದು, ಅದೇ ಕ್ರಮದಲ್ಲಿ ಮತ್ತೆ ಜೋಡಿಸುವ ಕೆಲಸ ಅದು. ಹೀಗೆ ಹುಟ್ಟಿದ್ದೇ ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ಸುಮಾರು 6 ಎಕರೆ ಜಾಗ. ನಮ್ಮ ಕುಂಜೂರಿನ 1816ರ ಚೌಕಿಮನೆ ಅಲ್ಲುಂಟು. ಕೊಪ್ಪಳ ಜಿಲ್ಲೆಯ ಕುಕನೂರಿನ ಕಮಲ ಮಹಲ್ ಉಂಟು, ಬೀದರ್ ಕಡೆಯ ನವಾಬ್ ಮಹಲೂ ಉಂಟು.

ಚಿತ್ರಗಳೂ ಇವೆ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಶುರುಮಾಡಿ, ಎಣ್ಣೆಬಣ್ಣದ ಚಿತ್ರದಂತೆ ಕಾಣುವ ಅಚ್ಚುಗಳನ್ನು ಹೊರತಂದರು. ಅರಮನೆಯ ಲಕ್ಷ್ಮಿ, ಸರಸ್ವತಿ ಜನಸಾಮಾನ್ಯರ ಗೋಡೆಗೆ ಬಂದದ್ದು ಹಾಗೆ. ನಿಮ್ಮ ದೇವರಕೋಣೆಯಲ್ಲೂ ಅಂಥದ್ದೊಂದು ಇರಬಹುದು, ನೋಡಿ.

ಒಂದು ಮಾತು ಮಾತ್ರ ನನ್ನನ್ನು ಕಾಡ್ತದೆ. ಚೌಕಿಮನೆಯ ಅಂಗಳ ಮಣಿಪಾಲಕ್ಕೆ ಬಂತು, ಅದರ ಸುತ್ತಲಿನ ಗದ್ದೆ ಬರಲಿಲ್ಲ. ಅಲ್ಲಿ ಭತ್ತ ಕುಟ್ಟಿದವರು, ಒಳಗೆ ಬರಲು ಅವಕಾಶವಿಲ್ಲದೆ ಅಂಗಳದಾಚೆ ನಿಂತವರು, ಅವರ ಕಥೆಯನ್ನು ಕಂಬ ಹೇಳುವುದಿಲ್ಲ. ಅದನ್ನು ಮನುಷ್ಯರೇ ಹೇಳಬೇಕು.

ಶೆಣೈಯವರು 2017ರಲ್ಲಿ ತೀರಿಕೊಂಡರು. ಅವರಂತೆ ಮನೆ ಎತ್ತಿ ತರುವುದು ನಮ್ಮಿಂದಾಗದು. ಆದರೆ ಕೈಯಲ್ಲಿ ಫೋನ್ ಉಂಟಲ್ವಾ? ಈ ಭಾನುವಾರ ಅಜ್ಜಿಯ ಹತ್ತಿರ ಕೂತು ರೆಕಾರ್ಡಿಂಗ್ ಒತ್ತಿ. ಯಾವ ಕೋಣೆಯಲ್ಲಿ ಯಾರಿದ್ದರು, ಯಾರು ಹೊರಗೆ ನಿಂತರು, ಎರಡನ್ನೂ ಕೇಳಿ. ನಾನು ಕೇಳಲು ಹೊರಟಾಗ ನಮ್ಮ ಅಜ್ಜಿ ಇರಲಿಲ್ಲ.